ಕಡಲಿನೊಳಗೆ ನಾಡಿ ಹಿಡಿದದ್ದು

ಜನವರಿ ಇಪ್ಪತ್ತೊಂದು, ಬುಧವಾರ, ಬೆಳಿಗ್ಗೆ ಏಳೂಕಾಲು. ಸ್ಥಳ: ಅಂಡಮಾನಿನ ಒಂದು ಪುಟ್ಟ ದ್ವೀಪದ ಎದುರಿನ ಕಡಲು, ದೋಣಿಯ ಮೇಲೆ. ಹಾಜರಿದ್ದವರು: ನಾನು, ನನ್ನನ್ನು ನೀರಿಗಿಳಿಸಿ ಮತ್ತೆ ಮೇಲೆ ತರುವ ಹೊಣೆ ಹೊತ್ತ ರಾಜು, ದೋಣಿ ನಡೆಸುವ ಒಬ್ಬ ಮುದುಕ. ಗೈರುಹಾಜರು: ಹುಲಿಗೆಮ್ಮ.

ಹೀಗೆ ಬರೆಯದೆ ನನಗೆ ಯಾವ ದಿನವೂ ದಿನವಾಗುವುದಿಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದವಳು ನಾನು. ವಾರ್ಡಿನ ರಿಪೋರ್ಟ್ ಪುಸ್ತಕದಲ್ಲಿ ತಾರೀಕು, ವೇಳೆ, ಹಾಜರಿ ಬರೆದ ಮೇಲೆಯೇ ಉಳಿದ ಕೆಲಸ. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಬಳ್ಳಾರಿಯ ನನ್ನ ಎರಡು ಕೋಣೆಯ ಮನೆಯಲ್ಲಿ ಆ ಪುಸ್ತಕ ನಿಂತಿಲ್ಲ. ‘ಹಾಜರಿದ್ದವರು: ನಾನು’ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತೇನೆ. ಸಾಲು ತೀರಾ ಗಿಡ್ಡವಾಗಿ ಕಂಡ ದಿನ ಅಡುಗೆಮನೆಯ ಹಲ್ಲಿಯನ್ನೂ ಸೇರಿಸಿದ್ದುಂಟು. ಆದರೆ ಹಲ್ಲಿಗೆ ಶಿಸ್ತಿಲ್ಲ. ಒಂದು ದಿನ ಹೇಳದೆ ಕೇಳದೆ ಹೋಯಿತು. ಇನ್ನೊಂದು ನಿಯಮವೂ ನನ್ನನ್ನು ಬಿಟ್ಟಿಲ್ಲ. ಪಾಳಿ ಮುಗಿಸಿ ಹೊರಡುವ ನರ್ಸು ಮುಂದಿನವಳಿಗೆ ಚಾರ್ಜ್ ಒಪ್ಪಿಸಬೇಕು: ಇಂಥ ಹಾಸಿಗೆಯವರಿಗೆ ಜ್ವರ ಇಳಿದಿದೆ, ಇಂಥವರು ಊಟ ಬಿಟ್ಟಿದ್ದಾರೆ. ಒಪ್ಪಿಸಿಕೊಳ್ಳುವವಳು ಬರುವ ತನಕ ಹೊರಡುವ ಹಾಗಿಲ್ಲ. ನಿವೃತ್ತಿಯ ನಂತರ ನನ್ನ ದಿನದ ಚಾರ್ಜನ್ನು ಫೋನಿನಲ್ಲಿ, ಸಂಜೆ ಆರೂವರೆಗೆ ಸರಿಯಾಗಿ, ಒಪ್ಪಿಸಿಕೊಳ್ಳುತ್ತಿದ್ದವಳು ಹುಲಿಗೆಮ್ಮ. ಆ ಫೋನು ನಿಂತು ಇಪ್ಪತ್ತಮೂರು ದಿನವಾಗಿತ್ತು.

ಹುಲಿಗೆಮ್ಮ ಸಿರಿಗೇರಿಯವಳು, ಕಾಲುವೆಯಲ್ಲಿ ಎಮ್ಮೆಯ ಬಾಲ ಹಿಡಿದು ಈಜು ಕಲಿತವಳು. ನಾನು ಕುರುಗೋಡಿನವಳು, ಕಲ್ಲುಗುಡ್ಡ ನೋಡಿಕೊಂಡು ಬೆಳೆದವಳು. ನೀರೆಂದರೆ ಕೊಡದಲ್ಲಿರಬೇಕು ಎಂದೇ ನನ್ನ ನಂಬಿಕೆ. ಇಬ್ಬರೂ ನೌಕರಿಗೆ ಸೇರಿದ್ದು ಸಿರುಗುಪ್ಪದಲ್ಲಿ, ಒಂದೇ ದಿನ. ಅಲ್ಲಿಯ ಡ್ಯೂಟಿ ಕೋಣೆಯಲ್ಲಿ ಔಷಧಿ ಕಂಪನಿಯವರು ಕೊಟ್ಟ ಕ್ಯಾಲೆಂಡರೊಂದಿತ್ತು. ಅದರಲ್ಲಿ ಕಡಲೊಳಗಿನ ಹವಳದ ಗೋಡೆಯ ಚಿತ್ರ. ಅರಿಸಿನ ಬಣ್ಣದ ಮೀನುಗಳು, ಕೆಳಗೆ ಕಡುನೀಲಿ. ವರ್ಷ ಮುಗಿದರೂ ಹುಲಿಗೆಮ್ಮ ಅದನ್ನು ತೆಗೆಯಲು ಬಿಡಲಿಲ್ಲ. “ಈ ಗ್ವಾಡಿ ನೋಡಬೇಕಲೇ ಗಿರಿಜಿ. ಕೆಳಗ ತಳಾನ ಇಲ್ಲಂತ” ಎನ್ನುತ್ತಿದ್ದಳು. ತಳವಿಲ್ಲದ್ದನ್ನು ನೋಡಲು ಅಷ್ಟು ದೂರ ಏಕೆ, ನಮ್ಮ ಆಸ್ಪತ್ರೆಯ ಬಕೀಟು ನೋಡು ಎಂದು ನಾನು. ಆದರೂ ನಿವೃತ್ತಿಯಾದ ಮೇಲೆ ಇಬ್ಬರೂ ಹೋಗುವುದೆಂದು ಮಾತಾಯಿತು. ಈಜು ಬಾರದವರನ್ನೂ ಕೈಹಿಡಿದು ಇಳಿಸುತ್ತಾರೆಂದು ವಿಚಾರಿಸಿದ್ದು ನಾನು. ಟಿಕೆಟ್ಟು, ವೈದ್ಯರ ಚೀಟಿ, ಎಲ್ಲ ನನ್ನ ಫೈಲಿನಲ್ಲಿ, ಎರಡೆರಡು ಪ್ರತಿ.

ಹೊರಡಲು ಮೂರು ವಾರ ಇರುವಾಗ ಅವಳು ತೆಕ್ಕಲಕೋಟೆಯ ತಮ್ಮನ ಮನೆಗೆ ಹೊರಟು ನಿಂತಳು. “ತಮ್ಮನ ಮಗಳ ಬಾಣಂತನ ಐತಿ. ಬರಾಕ ಆಗೂದಿಲ್ಲ.”

“ಸಾವಿರ ಬಾಣಂತನ ಮಾಡಿದ್ದು ಸಾಲಲಿಲ್ಲೇನು? ಊರಾಗ ಬೇರೆ ಯಾರೂ ಇಲ್ಲೇನು?” ಎಂದೆ.

“ಇದು ಡ್ಯೂಟಿ ಅಲ್ರಿ ಸಿಸ್ಟರ್, ಮನಿ. ನಿಮಗ ಹೆಂಗ ತಿಳಿಬೇಕು. ನಿಮಗ್ಯಾರದಾರ?”

ಸಿಟ್ಟು ಬಂದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ಸಿಸ್ಟರ್ ಎನ್ನುವುದು ರೂಢಿ. ಕೊನೆಯ ಮಾತು ಮಾತ್ರ ರೂಢಿಯದಲ್ಲ. ನನಗೆ ಗಂಡ ಮಕ್ಕಳಿಲ್ಲ ಎಂಬುದು ನನಗೂ ಗೊತ್ತು. ಪ್ರತಿದಿನ ಹಾಜರಿ ಬರೆಯುವವಳು ನಾನೇ. ಆದರೆ ಆ ಸಾಲಿಗೆ ಫೋನಿನಾಚೆಯಿಂದ ಒಂದು ಹೆಸರು ಸೇರುತ್ತದೆಂದು ತಿಳಿದಿದ್ದೆ. ಗೈರಾದವರು ರಜೆಚೀಟಿ ಕೊಡಬೇಕು, ಅವಳೇ ಫೋನು ಮಾಡಲಿ ಎಂದು ಕಾದೆ. ಅವಳು ಮಾಡಲಿಲ್ಲ. ಹಟಕ್ಕೆ ಬಿದ್ದು ಒಬ್ಬಳೇ ಹೊರಟೆ.

ದೋಣಿಯಲ್ಲಿ ರಾಜು ಹೆಸರುಗಳ ಕಾಗದ ಹಿಡಿದು, ಇನ್ನೊಬ್ಬರೆಲ್ಲಿ ಎಂದು ಸುತ್ತ ನೋಡಿ, “ಹುಲಿಗೆಮ್ಮಗಾರು ಎಕ್ಕಡ?” ಎಂದು ಕೇಳಿದ. ನಲವತ್ತು ದಾಟಿದ ತೆಲುಗಿನವನು. ಬಳ್ಳಾರಿಯವರಿಗೆ ತೆಲುಗು ಬಾರದೆ? ರಾಲೇದು, ಬರಲಿಲ್ಲ ಎಂದೆ. ನೀರಿನೊಳಗೆ ಒಬ್ಬರೇ ಇಳಿಯುವ ಹಾಗಿಲ್ಲ, ಪ್ರತಿಯೊಬ್ಬರಿಗೂ ಜೋಡಿ ಬೇಕು, ಒಬ್ಬರ ಸಾಮಾನನ್ನು ಇನ್ನೊಬ್ಬರು ನೋಡಬೇಕು ಎಂದು ಅವನು ವಿವರಿಸಿದ. ನಿಯಮ ನನಗೆ ಬಹಳ ಹಿಡಿಸಿತು. ಭೂಮಿಯ ಮೇಲೆ ಇದನ್ನು ಯಾರೂ ಜಾರಿಗೆ ತಂದಿಲ್ಲವಲ್ಲ ಎನಿಸಿತು. ಜೋಡಿಯ ಹೆಸರಿನ ಜಾಗದಲ್ಲಿ ಅವನು ಹುಲಿಗೆಮ್ಮನ ಹೆಸರನ್ನು ಹೊಡೆದುಹಾಕಿ ತನ್ನದನ್ನು ಬರೆದ. ನಾನು ಅವನ ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆಯೆಂದು ತೋರಿಸುವ ಮುಳ್ಳನ್ನು ಎರಡು ಸಲ ನೋಡಿದೆ. ವಾರ್ಡಿನಲ್ಲಿ ತುಂಬಿದೆ ಎಂದು ಹೇಳಿ ತಂದ ಖಾಲಿ ಸಿಲಿಂಡರುಗಳನ್ನು ಕಂಡವಳು ನಾನು.

ಇಳಿದೆವು. ಬೆನ್ನ ಮೇಲೆ ಸಿಲಿಂಡರು, ಸೊಂಟಕ್ಕೆ ಸೀಸದ ತೂಕ, ಕಣ್ಣು ಮೂಗು ಮುಚ್ಚುವ ಕನ್ನಡಕ, ಬಾಯಲ್ಲಿ ಕಚ್ಚಿಕೊಂಡ ಕೊಳವೆ. ಉಸಿರು ಹಿಡಿಯಬಾರದು, ಎಳೆಯುತ್ತ ಬಿಡುತ್ತ ಇರಬೇಕು ಎಂಬುದೊಂದೇ ಪಾಠ. ರಾಜು ಎದುರು ನಿಂತು, ಸರಿಯಿದ್ದೀರಾ ಎಂಬಂತೆ ಬೆರಳು ದುಂಡಗೆ ಮಾಡಿ, ಹಿಡಿದುಕೊಳ್ಳಲೆಂದು ಕೈ ಚಾಚಿದ. ಯಾರಾದರೂ ಕೈ ಚಾಚಿದರೆ ನನ್ನ ಕೈ ಮಾಡುವುದು ಒಂದೇ ಕೆಲಸ. ಮಣಿಕಟ್ಟನ್ನು ಭದ್ರವಾಗಿ ಒತ್ತಿ ಹಿಡಿದು, ಇನ್ನೊಂದು ಕೈಯ ಗಡಿಯಾರ ನೋಡುತ್ತ ನಾಡಿ ಎಣಿಸತೊಡಗಿದೆ. ಅವನು ಕೈ ಎಳೆದುಕೊಂಡ, ನಾನು ಬಿಡಲಿಲ್ಲ. ಅರ್ಧ ನಿಮಿಷ ಆಗಬೇಕಲ್ಲ. ಈ ಅಜ್ಜಿಗೆ ಏನೋ ಆಯಿತೆಂದು ತಿಳಿದು ಅವನು ನನ್ನನ್ನು ನಿಧಾನವಾಗಿ ಮೇಲೆ ತಂದ.

“ಏಮಯಿಂದಿ ಅಮ್ಮಾ?” ಎಂದು, ಏನಾಯಿತೆಂದು ಗಾಬರಿಯಿಂದ ಕೇಳಿದ.

“ತೊಂಬತ್ತಾರು. ಟಿಫಿನ್ ಮಾಡಿಲ್ಲ ನೀನು” ಎಂದು ಅವನ ಭಾಷೆಯಲ್ಲೇ ಗದರಿಸಿದೆ.

ಮಾಡಿದ್ದೇನೆ ಎಂದ. ನಂಬಲಿಲ್ಲ. ನನ್ನ ಚೀಲದಲ್ಲಿದ್ದ ಎರಡು ಬಾಳೆಹಣ್ಣು ಅವನಿಗೆ ತಿನ್ನಿಸಿ, ಕಾಲು ಗಂಟೆ ಕೂರಿಸಿ, ಆಮೇಲೆ ಮತ್ತೆ ಇಳಿಯಲು ಒಪ್ಪಿಗೆ ಕೊಟ್ಟೆ. ದೋಣಿಯ ಮುದುಕ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದ.

ಎರಡನೆಯ ಸಲ ಗೋಡೆಯ ಅಂಚಿನವರೆಗೆ ಹೋದೆವು. ಬಳ್ಳಾರಿಯ ಗುಡ್ಡದ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಊರು ಕಾಣುತ್ತದೆ. ಇಲ್ಲಿ ಅಂಚಿನಿಂದ ಕೆಳಗೆ ನೀಲಿಯೇ ಹೊರತು ಏನೂ ಇಲ್ಲ. ಗೋಡೆಗೆ ಅಂಟಿಕೊಂಡು ಬೀಸಣಿಗೆಯಂಥ ಹವಳ ತೂಗುತ್ತಿತ್ತು. ಕ್ಯಾಲೆಂಡರಿನ ಅರಿಸಿನ ಮೀನುಗಳು ಅಲ್ಲಿದ್ದವು. ಎಲ್ಲಿ ಹೋದರೂ ಎರಡೆರಡು. ಒಂದು ಹಿಂದೆ ಬಿದ್ದರೆ ಇನ್ನೊಂದು ತಿರುಗಿ ಕಾಯುತ್ತಿತ್ತು. ನೋಡಲೇ ಹುಲಿಗಿ ಎನ್ನಲು ಎಡಕ್ಕೆ ತಿರುಗಿದೆ. ಎಡಕ್ಕೆ ಗೋಡೆ ಇತ್ತು. ಬಾಯಲ್ಲಿ ಕೊಳವೆಯಿದ್ದದ್ದು ಒಳ್ಳೆಯದೇ ಆಯಿತು, ಏನೂ ಹೇಳಬೇಕಾಗಲಿಲ್ಲ. ಕನ್ನಡಕದೊಳಗೆ ಸ್ವಲ್ಪ ನೀರು ಬಂದಿತ್ತು. ಕಡಲಿನದೆಂದು ರಿಪೋರ್ಟಿನಲ್ಲಿ ಬರೆದಿದ್ದೇನೆ.

ಸಂಜೆ ಜೆಟ್ಟಿಯ ಹತ್ತಿರ ಸಿಗ್ನಲ್ ಸಿಕ್ಕಿತು. ಆರೂವರೆ. ಪಾಳಿ ಮುಗಿಸಿದವಳೇ ಚಾರ್ಜ್ ಒಪ್ಪಿಸಬೇಕೆಂಬ ನಿಯಮ ಆಗ ನೆನಪಾಯಿತು. ಇಪ್ಪತ್ತಮೂರು ದಿನ ನಾನು ತಪ್ಪು ನಿಯಮ ಹಿಡಿದು ಕೂತಿದ್ದೆ. ಫೋನು ಮಾಡಿದೆ.

“ಹೇಳ್ರಿ ಸಿಸ್ಟರ್.”

“ಬೆಳಿಗ್ಗಿ ಏಳೂವರೆಕ್ಕ ಇಳದೆ. ಗ್ವಾಡಿ ಕ್ಯಾಲೆಂಡರಿನಾಗಿದ್ದಂಗ ಐತಿ. ಮೀನು ಎರಡೆರಡ ಓಡಾಡ್ತಾವ.”

ಆ ಕಡೆ ಕೂಸು ಅಳುತ್ತಿತ್ತು. ಅವಳು, “ತಳ ಕಾಣಿಸ್ತೇನು?” ಎಂದಳು.

“ಇಲ್ಲ.”

“ನಾ ಹೇಳಿರಲಿಲ್ಲೇನು.”

ನಾಡಿಯ ಕತೆ ಹೇಳಿದೆ. ತೊಂಬತ್ತಾರಿತ್ತು, ಪಾಪ, ಅವನೇ ಹೆದರಿದ್ದ ಎಂದೆ. ಅವಳು ನಗಲಿಲ್ಲ. “ಹೆಬ್ಬಟ್ಟಿಲೆ ಹಿಡದಿದ್ದೇನಲೇ ಗಿರಿಜಿ?” ಎಂದು ಕೇಳಿದಳು.

ನರ್ಸಿಂಗಿನ ಮೊದಲ ಪಾಠ ಅದು. ಹೆಬ್ಬೆರಳಿನಿಂದ ನಾಡಿ ನೋಡಬಾರದು. ಹೆಬ್ಬೆರಳಿಗೆ ತನ್ನದೇ ನಾಡಿಯಿದೆ, ರೋಗಿಯದನ್ನು ಬಿಟ್ಟು ನಮ್ಮದನ್ನೇ ಎಣಿಸುತ್ತೇವೆ. ಎಷ್ಟೋ ಹುಡುಗಿಯರ ಹೆಬ್ಬೆರಳಿಗೆ ನಾನು ಸ್ಕೇಲಿನಿಂದ ಹೊಡೆದಿದ್ದೇನೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಜೆಟ್ಟಿಯ ಮೇಲೆ ಎಡಗೈಯನ್ನು ಬಲಗೈಯಿಂದ ಹಿಡಿದು ನೋಡಿದೆ. ಹೆಬ್ಬೆರಳೇ ಮುಂದಿತ್ತು.

“ಹೂಂ” ಎಂದೆ.

ಆಗ ನಕ್ಕಳು. ಕೂಸು ಅಳು ನಿಲ್ಲಿಸುವಷ್ಟು ನಕ್ಕಳು. “ನಾಳಿ ಆರೂವರೆಕ್ಕ ತಪ್ಪಸಬ್ಯಾಡ. ನಾ ಅವತ್ತ ಅಂದದ್ದು...” ಎಂದು ನಿಲ್ಲಿಸಿ, “ಕೂಸಿಗೆ ಎಣ್ಣಿ ಹಚ್ಚಬೇಕು” ಎಂದು ಫೋನು ಇಟ್ಟಳು.

ಕೋಣೆಗೆ ಬಂದು ಪುಸ್ತಕ ತೆರೆದೆ. ರಾಜುವಿನ ಹೆಸರಿನ ಮುಂದಿದ್ದ ತೊಂಬತ್ತಾರನ್ನು ಹೊಡೆದು ನನ್ನ ಹೆಸರಿನ ಮುಂದೆ ಬರೆದೆ. ಬಾಳೆಹಣ್ಣು ಮಾತ್ರ ಹಿಂದಕ್ಕೆ ಪಡೆಯುವಂತಿಲ್ಲ. ಮೇಲಿನ ಸಾಲಿನಲ್ಲಿ ‘ಗೈರುಹಾಜರು: ಹುಲಿಗೆಮ್ಮ’ ಎಂಬುದನ್ನೂ ಹೊಡೆದು ‘ರಜೆಯ ಮೇಲೆ’ ಎಂದು ತಿದ್ದಿ, ನಿಯಮದಂತೆ ಎರಡೂ ಕಡೆ ಸಹಿ ಹಾಕಿದೆ. ಸಮಯ ಏಳು ಗಂಟೆ. ಚಾರ್ಜ್ ಒಪ್ಪಿಸಲಾಗಿದೆ.