ಪಾರ್ಕಿನಲ್ಲಿ ಏಳು ಕೊಡ

ಕೂಡ್ಲಿಗಿಯ ನಮ್ಮ ಬಡಾವಣೆಯ ಪಾರ್ಕಿನಲ್ಲಿ ನೀರಿನ ಒಂದು ಮೂಲೆ ಇರಬೇಕೆಂದು ಸಮಿತಿಯವರು ತೀರ್ಮಾನಿಸಿದಾಗ, ಅದರ ವಿನ್ಯಾಸಕ್ಕೆ ನನಗಿಂತ ಯೋಗ್ಯರು ಯಾರೂ ಇಲ್ಲ ಎಂಬುದು ನನಗೆ ತಕ್ಷಣ ಹೊಳೆಯಿತು. ನಾನು ಚಿತ್ರಕಲೆಯ ನಿವೃತ್ತ ಮಾಸ್ತರ. ಬೋರ್ಡಿನ ಮೇಲೆ ಎಷ್ಟು ಜಲಪಾತ ಬರೆದಿಲ್ಲ!

ಒಳಗಿನ ಕಾರಣ ಬೇರೆ. ನನ್ನ ಹೆಂಡತಿ ಪಾರ್ವತಿಯ ಕಣ್ಣು ಮಂಜಾಗುತ್ತಾ ಬಂದು, ಈಗ ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ. ಅವಳ ತವರು ತಂಬ್ರಹಳ್ಳಿ. ಮನೆಯ ಹಿಂದೆಯೇ ಹೊಲದ ಕಾಲುವೆ ಹರಿಯುತ್ತಿತ್ತಂತೆ. ಈಗ ಅದನ್ನು ಮುಚ್ಚಿ ಪೈಪು ಹಾಕಿದ್ದಾರೆ.

"ನೋಡೋದು ಹೋಗ್ಲಿ ಬಿಡ್ರಿ. ಆ ನೀರಿನ ಸಪ್ಪಳ ಒಂದ್ಸಲ ಕೇಳಬೇಕು ಅನ್ನಿಸ್ತೈತಿ," ಎಂದು ಒಂದು ದಿನ ರೊಟ್ಟಿ ತಟ್ಟುತ್ತಾ ಅಂದಳು. ನನ್ನ ಬಾಯಿಗೆ ಹೊರಟ ತುತ್ತು ಅಲ್ಲೇ ನಿಂತಿತು.

ಹೀಗೆ ನಕಾಶೆ ಹುಟ್ಟಿತು. "ಪಂಚೇಂದ್ರಿಯಗಳಿಗೂ ಏನಾದರೂ ದೊರೆಯತಕ್ಕದ್ದು" ಎಂದು ಅದರ ನೆತ್ತಿಯ ಮೇಲೆ ಬರೆದೆ. ಇಳಿಜಾರಿನಲ್ಲಿ ಸಾಲಾಗಿ ಏಳು ಮಣ್ಣಿನ ಕೊಡ. ನೀರು ಒಂದರಿಂದ ಇನ್ನೊಂದಕ್ಕೆ ಬಿದ್ದು ಕೆಳಗಿನ ತೊಟ್ಟಿ ಸೇರಬೇಕು, ಮೋಟರು ಅದನ್ನು ಮತ್ತೆ ಮೇಲಕ್ಕೆತ್ತಬೇಕು. ಕಿವಿಗೆ ಸಪ್ಪಳ, ಮೂಗಿಗೆ ಹಸಿ ಮಣ್ಣಿನ ವಾಸನೆ, ಪಕ್ಕದಲ್ಲಿ ಪಾರ್ವತಿಗೊಂದು ಕಲ್ಲುಬೆಂಚು. ಉದ್ಘಾಟನೆಯ ಹಿಂದಿನ ಸಂಜೆ ಕೊಡಗಳನ್ನು ಜೋಡಿಸಿ, ತೊಟ್ಟಿ ತುಂಬಿಸಿ, ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ವಾರಕ್ಕೊಮ್ಮೆ ನಳದಲ್ಲಿ ನೀರು ಬರುವ ಬಡಾವಣೆ ನಮ್ಮದು. ಇಲ್ಲಿ ಸಾಲಾಗಿ ಇಟ್ಟ ಕೊಡಕ್ಕೆ ಒಂದೇ ಅರ್ಥ. ಪಾಳಿ. ಕೊಡ ಇಟ್ಟು ಹೋದವರು ಸ್ನಾನ, ಪೂಜೆ ಮುಗಿಸಿ ಬಂದರೂ ಅವರ ಪಾಳಿಯನ್ನು ಯಾರೂ ಮುಟ್ಟುವುದಿಲ್ಲ. ನಾನೇ ಎಷ್ಟೋ ಸಲ ಹಾಗೆ ಇಟ್ಟು ಬಂದಿದ್ದೇನೆ. ಆದರೆ ಕಲಾವಿದನಾದ ಮೇಲೆ ಇಂಥದ್ದೆಲ್ಲ ಎಲ್ಲಿ ನೆನಪಿರುತ್ತದೆ?

ಬೆಳಿಗ್ಗೆ ಪಾರ್ವತಿಯ ಕೈ ಹಿಡಿದುಕೊಂಡು ಹೋದರೆ, ನನ್ನ ಏಳು ಕೊಡಗಳ ಹಿಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಬೇವಿನ ಮರ ಸುತ್ತಿ ಗೇಟಿನವರೆಗೆ ನಿಂತಿದ್ದವು. ಎದುರು ಮನೆಯ ಹಾಲಮ್ಮ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು.

"ಮಾಸ್ತರ, ಮುಂದಿನ ಏಳು ಕೊಡ ಯಾರವ್ರಿ?"

"ನಮ್ಮವು," ಎಂದೆ ಹೆಮ್ಮೆಯಿಂದ.

"ಮನಿಗೆ ಎರಡ ಕೊಡ ಅಂತ ಮಾತೈತಿ. ನೀವಿಬ್ಬರ ಅದೀರಿ. ಏಳು ಯಾಕ ಬೇಕು?"

"ಇವು ನೀರು ಒಯ್ಯಾಕಲ್ಲ ಹಾಲಮ್ಮ. ನೀರಿನ ಆನಂದಕ್ಕ."

"ಹಂಗಾದ್ರ ಹಿಂದಕ ಇಡ್ರಿ. ನಾವು ಒಯ್ದ ಮ್ಯಾಲೆ ಆನಂದ ಪಡೀರಂತ."

ಮಾತಿಗಿಂತ ಕಣ್ಣಾರೆ ತೋರಿಸುವುದೇ ಲೇಸೆಂದು ಸ್ವಿಚ್ಚು ಒತ್ತಿದೆ. ಮೊದಲ ಕೊಡದಿಂದ ನೀರು ಇಳಿಯಿತು. ಎರಡನೆಯದು, ಮೂರನೆಯದು. ಬೆಂಚಿನ ಮೇಲೆ ಕೂತ ಪಾರ್ವತಿ ಕತ್ತು ಓರೆ ಮಾಡಿ ಕಿವಿಗೊಟ್ಟಳು. ಆ ಮುಖ ನೋಡಲೆಂದೇ ನಾನು ಇಷ್ಟೆಲ್ಲ ಮಾಡಿದ್ದು.

ನೀರು ಕಂಡದ್ದೇ ತಡ, ಪಾಳಿ ಮುರಿಯಿತು. ಕ್ಷಣದಲ್ಲಿ ತೊಟ್ಟಿ ಖಾಲಿ. ನೀರಿಲ್ಲದ ಮೋಟರು ಊಳಿಟ್ಟು ಹೊಗೆ ಬಿಟ್ಟಿತು. ಕಿವಿಗೆ ಬೈಗುಳ, ಪಕ್ಕೆಗೆ ಮೊಣಕೈ, ಮೂಗಿಗೆ ಸುಟ್ಟ ತಂತಿಯ ವಾಸನೆ. ನಕಾಶೆ ಅಕ್ಷರಶಃ ಜಾರಿಗೆ ಬಂದಿತ್ತು. ಮಣ್ಣಿನ ಕೊಡಗಳಲ್ಲಿ ಒಂದೂ ಒಡೆಯದೆ ಉಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ಬೆಂಚಿನ ಮೇಲೆ ಕುಸಿದೆ. ನನಗೆ ನಿಜಕ್ಕೂ ಅಳು ಬಂದಿತ್ತು. "ನಿನಗ ಕೇಳಸ್ಬೇಕಂತ ಮಾಡಿದ್ದೆ. ಎಲ್ಲಾ ಹಾಳಾತು."

"ಕೇಳಿಸ್ತಲ್ರಿ," ಅಂದಳು ಪಾರ್ವತಿ. "ನಿಮ್ಮ ಮೋಟರಿನ ಸಪ್ಪಳ ನಮ್ಮ ಕಾಲಿವಿ ಹಂಗ ಇರಲಿಲ್ಲ. ಆಮ್ಯಾಲೆ ಕೊಡ ಕೊಡ ತಾಕಿದ್ವು, ಹೆಣ್ಮಕ್ಕಳು ಕಾಲಿವಿ ದಂಡ್ಯಾಗ ಬೈದಾಡಿದಂಗ ಬೈದಾಡಿದ್ರು. ಅವಾಗ ನಮ್ಮವ್ವ ಇಲ್ಲೇ ಎಲ್ಲೋ ಕೊಡ ತುಂಬಾಕ ಹತ್ಯಾಳ ಅನ್ನಿಸ್ತು."

ನನ್ನ ನಕಾಶೆಯಲ್ಲಿ ಒಬ್ಬ ಮನುಷ್ಯನನ್ನೂ ಬರೆದಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

ಸಮಿತಿಯವರು ಅದೇ ಜಾಗದಲ್ಲಿ ಒಂದು ಸಾದಾ ನಳ ಹಾಕಿಸಿದರು. ನೀರು ಬರುವ ದಿನ ಪಾರ್ವತಿ ಬೆಂಚಿನ ಮೇಲೆ ಕೂರುತ್ತಾಳೆ. ನಾನು ಎರಡೇ ಎರಡು ಕೊಡ ಹಿಡಿದು ಪಾಳಿಯಲ್ಲಿ ನಿಲ್ಲುತ್ತೇನೆ. ನನ್ನ ಸರದಿ ಬಂದಾಗ, ಪಾಳಿಯ ಗದ್ದಲ ಅವಳಿಗೆ ಇನ್ನಷ್ಟು ಹೊತ್ತು ಕೇಳಿಸಲಿ ಎಂದು ನಳವನ್ನು ಸಣ್ಣಗೆ ತಿರುವಿ ಬಿಡುತ್ತೇನೆ. ಹಿಂದಿನಿಂದ ಹಾಲಮ್ಮ ಗೊಣಗುತ್ತಾಳೆ.

"ಅಷ್ಟು ದೊಡ್ಡ ನಕಾಶಿ ಬರದ್ರಿ ಮಾಸ್ತರ. ಒಂದು ನಳಾ ತಿರುವಾಕ ಬರಂಗಿಲ್ಲೇನು?"

ಬರುವುದಿಲ್ಲ ಎಂದು ಒಪ್ಪಿಕೊಂಡು, ಇನ್ನೂ ಸಣ್ಣಗೆ ತಿರುವುತ್ತೇನೆ.