ಮಸ್ಕತ್ತಿನಲ್ಲಿ ಸೋವಿ, ಇಳಕಲ್ಲಿನಲ್ಲಿ ತುಟ್ಟಿ

೧೯೭೮ನೆಯ ಇಸವಿ, ಜುಲೈ ೯, ರವಿವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಬಾಗಲಕೋಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಇದನ್ನು ಬರೆಯಲು ಆರಂಭಿಸಿದ್ದೇನೆ. ದಿನಾಂಕ, ವೇಳೆ ಹಾಕದೆ ನಾನು ಏನನ್ನೂ ಬರೆಯುವುದಿಲ್ಲ. ಕಿರಾಣಿ ಚೀಟಿಯ ಮೇಲೂ ಹಾಕುತ್ತೇನೆ. ಇದರಿಂದ ಯಾರಿಗೂ ಇದುವರೆಗೆ ಉಪಯೋಗವಾಗಿಲ್ಲ. ಅದನ್ನೂ ದಿನಾಂಕ ಹಾಕಿ ಬರೆದಿಟ್ಟಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಗಣಿತದ ಮಾಸ್ತರರನ್ನು ಯಾರೂ ಬೀದಿಯಲ್ಲಿ ನಿಲ್ಲಿಸಿ ಭಾಗಾಕಾರ ಕೇಳುವುದಿಲ್ಲ. ಭೂಗೋಳದವನ ಹಣೆಬರಹ ಬೇರೆ. ಭೂಮಿಯ ಮೇಲೆ ಎಲ್ಲಿ ಏನಾದರೂ ಅದು ಅವನಿಗೆ ಗೊತ್ತಿರಲೇಬೇಕೆಂದು ಜನ ನಂಬಿದ್ದಾರೆ. ಬ್ರೆಜಿಲಿನಲ್ಲಿ ಕಾಫಿ ಬೆಳೆಯುತ್ತದೆ ಎಂದು ಹೇಳಿದವನು ಅದರ ಇಂದಿನ ದರವನ್ನೂ ಹೇಳಬೇಕು. ಗೊತ್ತಿಲ್ಲ ಎನ್ನುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ನನ್ನ ಮದುವೆ ಹಲವು ತಿಂಗಳು ಮುಂಬಯಿಯ ಬಂದರಿನಲ್ಲಿ ಸಿಕ್ಕಿಬಿದ್ದದ್ದು ಇದೇ ಕಾರಣದಿಂದ.

ನನ್ನ ಸೋದರಮಾವ ಸಂಗಪ್ಪ, ಅಂದರೆ ಅವ್ವನ ತಮ್ಮ, ಇಳಕಲ್ಲಿನಲ್ಲಿ ಸೀರೆ ವ್ಯಾಪಾರಿ. ನೇಕಾರರ ಮನೆಗಳಿಂದ ಸೀರೆ ಕೊಂಡು, ಗುಳೇದಗುಡ್ಡದಿಂದ ಕುಪ್ಪಸದ ಖಣ ತಂದು, ಎರಡನ್ನೂ ಗಂಟು ಕಟ್ಟಿ ಮೋಟಾರ್‌ಸೈಕಲ್ಲಿನ ಹಿಂದೆ ಬಿಗಿದುಕೊಂಡು ಹುನಗುಂದ, ಬಾದಾಮಿಯ ಅಂಗಡಿಗಳಿಗೆ ಒಯ್ಯುವುದು ಅವರ ಉದ್ಯೋಗ. ಅವರ ಮಗಳು ಶಾಂತಾಳನ್ನು ನನಗೆ ಕೊಡುವುದೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ನಮ್ಮಿಬ್ಬರನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಇಬ್ಬರೂ ಹೂಂ ಎನ್ನುತ್ತಿದ್ದೆವು, ಆದ್ದರಿಂದ ಏನೂ ಕೆಡಲಿಲ್ಲ. ನಿಶ್ಚಯ ಒಂದು ಉಳಿದಿತ್ತು.

ಕಳೆದ ವರ್ಷ ಶ್ರಾವಣದಲ್ಲಿ ಎರಡೂ ಮನೆಯವರು ಮಹಾಕೂಟದ ದೇವಸ್ಥಾನಕ್ಕೆ ಹೋಗಿದ್ದೆವು. ಹೊಂಡದಲ್ಲಿ ಮಿಂದು ಮರದ ಕೆಳಗೆ ಬುತ್ತಿ ಬಿಚ್ಚುವ ಹೊತ್ತಿಗೆ ಮಾವ ಜೇಬಿನಿಂದ ಒಂದು ಫೋಟೋ ತೆಗೆದರು. ಅವರ ಹೆಂಡತಿಯ ತಮ್ಮ ಹಣಮಂತ ಮಸ್ಕತ್ತಿನಲ್ಲಿ ಲಾರಿ ರಿಪೇರಿ ಕೆಲಸದಲ್ಲಿದ್ದಾನೆ. ಫೋಟೋದಲ್ಲಿ ಅವನು ಕೆಂಪು ಬಣ್ಣದ ಜಪಾನಿ ಮೋಟಾರ್‌ಸೈಕಲ್ಲಿಗೆ ಒರಗಿ ನಿಂತಿದ್ದ. ಫೋಟೋದ ಹಿಂಬದಿಗೆ ಗಾಡಿಯ ಬೆಲೆಯನ್ನು ರಿಯಾಲಿನಲ್ಲಿ ಬರೆದಿದ್ದ. "ಮಾಸ್ತರ್, ಇದು ನಮ್ಮ ರೂಪಾಯ್ದಾಗ ಎಷ್ಟಾತು?" ಎಂದರು ಮಾವ. ನಾನು ಬೇವಿನ ಕಡ್ಡಿಯಿಂದ ನೆಲದ ಮೇಲೆ ಲೆಕ್ಕ ಮಾಡಿದೆ. ನಮ್ಮ ದೇಶದ ಗಾಡಿಗಿಂತ ತುಸುವೇ ಹೆಚ್ಚು ಬಂತು. ಅಲ್ಲಿಗೆ ಕಡ್ಡಿ ಬಿಸಾಕಿ ರೊಟ್ಟಿ ತಿನ್ನಬೇಕಿತ್ತು. ಶಾಂತಾ ಇತ್ತ ನೋಡುತ್ತಿದ್ದಳು. "ಇಷ್ಟ ಇದ್ರ ತರಿಸಿಬಿಡಬಹುದಲ್ರಿ ಮಾವಾ" ಎಂದುಬಿಟ್ಟೆ.

ಮಾವ ಎದ್ದು ನಿಂತರು. "ಕೇಳ್ರಿ ಎಲ್ಲಾರೂ. ನಿಶ್ಚಯಕ್ಕ ನಾ ಬಾಗಲಕೋಟಿಗೆ ಬರೂದು ಜಪಾನಿ ಗಾಡಿ ಮ್ಯಾಲ. ಅಲ್ಲೀತನಕ ಬರೂದಿಲ್ಲ."

"ಸಂಗಪ್ಪಾ, ನೀ ಬಸ್ಸಿನ್ಯಾಗ ಬಂದ್ರ ಹುಡುಗಿ ಕಡಿಮಿ ಆಗ್ತಾಳೇನೋ?" ಎಂದಳು ಅವ್ವ.

"ಅಕ್ಕಾ, ದೇವರ ಮುಂದ ಆಡಿದ ಮಾತದು. ಇನ್ನ ಹಿಂದ ತಗೊಳ್ಳಾಕ ಬರೂದಿಲ್ಲ."

ಮುಂದಿನ ವಾರವೇ ಮಾವ ತಮ್ಮ ಹಳೆಯ ಗಾಡಿಯನ್ನು ಬಾದಾಮಿಯ ಒಬ್ಬರಿಗೆ ಮಾರಿದರು. ಸುದ್ದಿ ಕೇಳಿ ಅವ್ವ ನನ್ನನ್ನು ಒಂದು ಸಲ ನೋಡಿದಳು. ಆ ನೋಟದ ದಿನಾಂಕ ನನ್ನ ಹತ್ತಿರ ಇದೆ.

ಆಮೇಲೆ ಹಣಮಂತನಿಂದ ತಿಳಿದದ್ದು ಇಷ್ಟು: ಅದೇ ಗಾಡಿಯನ್ನು ಮುಂಬಯಿಯಲ್ಲಿ ಇಳಿಸಿದರೆ ಗಾಡಿಯ ಬೆಲೆಗಿಂತ ಸುಂಕವೇ ಹೆಚ್ಚು. ನನಗೆ ಇಳಕಲ್ಲಿನಿಂದ ಕರೆ ಬಂತು. ಮಾವ ಅಂಗಡಿಯ ಗಾದಿಯ ಮೇಲೆ ಕುಳಿತಿದ್ದರು. ಸೀರೆಯ ಗಂಟುಗಳು ಹೋಗಬೇಕಾದ ಕಡೆ ಹೋಗದೆ ಗೋಡೆಗೆ ಒರಗಿದ್ದವು. "ಲೇ ಅಳಿಯಾ, ಗಾಡಿ ಒಂದ, ಗಾಲಿ ಎರಡ. ಮಸ್ಕತ್ತಿನ್ಯಾಗ ಸೋವಿ, ನಮ್ಮಲ್ಲಿ ತುಟ್ಟಿ. ಯಾಕ? ನೀ ಜಗತ್ತು ಕಲಸಾಂವ, ಹೇಳು."

ನಾನು ವಾಣಿಜ್ಯದ ಮಾಸ್ತರರನ್ನು ಕೇಳಿ ತಯಾರಾಗಿಯೇ ಹೋಗಿದ್ದೆ. ಗಾಡಿ ಜಪಾನಿನಿಂದ ಹೊರಡುವಾಗ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬೆಲೆ, ಆಮೇಲೆ ಹಡಗಿನ ಬಾಡಿಗೆ, ವಿಮೆ ಸೇರುತ್ತವೆ, ಅದು ಚಿಲ್ಲರೆ ವ್ಯತ್ಯಾಸ ಎಂದೆ. ದೊಡ್ಡ ವ್ಯತ್ಯಾಸ ಸುಂಕದ್ದು. ಮಸ್ಕತ್ತಿನವರು ಗಾಡಿ ತಯಾರಿಸುವುದಿಲ್ಲ. ಹೊರಗಿನ ಗಾಡಿ ಬಂದರೆ ಅಲ್ಲಿ ಯಾರ ಹೊಟ್ಟೆಯ ಮೇಲೂ ಹೊಡೆತ ಬೀಳುವುದಿಲ್ಲ. ನಮ್ಮಲ್ಲಿ ಕಾರ್ಖಾನೆಗಳಿವೆ, ಅವಕ್ಕೆ ರಕ್ಷಣೆ ಬೇಕು. ಹೊರದೇಶದ ಹಣವೂ ನಮ್ಮಲ್ಲಿ ಕಡಿಮೆ, ಅದನ್ನು ಮೋಟಾರ್‌ಸೈಕಲ್ಲಿಗೆ ಸುರಿಯುವುದು ಸರ್ಕಾರಕ್ಕೆ ಬೇಡ. ಆದ್ದರಿಂದ ಬೆಲೆಗೆ ಹಡಗಿನ ಬಾಡಿಗೆ ಕೂಡಿಸಿ ಅದರ ಮೇಲೆ ಸುಂಕ, ಎರಡನ್ನೂ ಕೂಡಿಸಿ ಅದರ ಮೇಲೆ ಇನ್ನೊಂದು ಸುಂಕ. ಬಹಳ ಚೆನ್ನಾಗಿ ಹೇಳಿದೆನೆಂದು ಈಗಲೂ ಅನಿಸುತ್ತದೆ.

ಮಾವ ತಾಳ್ಮೆಯಿಂದ ಕೇಳಿದರು. "ನಮ್ಮ ಸೀರಿಗೆ ಇಳಕಲ್ಲಿನ್ಯಾಗ ಒಂದು ರೇಟು, ಪುಣೇದಾಗ ಒಂದು ರೇಟು. ಅದು ನನಗ ಗೊತ್ತಿಲ್ಲೇನು? ಆದ್ರ ನಡುವ ಯಾರರ ಗಂಟು ಹೊತ್ತಿರ್ತಾರ. ಇಲ್ಲಿ ಸರ್ಕಾರ ಏನು ಹೊತ್ತತಿ?" ಇದಕ್ಕೆ ವಾಣಿಜ್ಯದ ಮಾಸ್ತರರು ಏನೂ ಹೇಳಿಕೊಟ್ಟಿರಲಿಲ್ಲ. ಮಾವ ತಾವೇ ಮುಂದುವರಿಸಿದರು. "ಇರಲಿ. ಇದು ಜಕಾತಿ ನಾಕಾ ಇದ್ದಂಗ, ಹೌದಲ್ಲೊ? ಜಕಾತಿ ನನಗ ಬಿಡು."

ಜಕಾತಿಯ ವಿಷಯದಲ್ಲಿ ನಮ್ಮ ಮಾವನ ಮನೆತನಕ್ಕೆ ಎರಡು ತಲೆಮಾರಿನ ಅನುಭವವಿದೆ. ಊರೊಳಗೆ ಮಾಲು ತಂದರೆ ನಾಕಾದಲ್ಲಿ ಜಕಾತಿ ಕಟ್ಟಬೇಕು. ಆದರೆ ಮೈಮೇಲಿನ ಬಟ್ಟೆ ಮಾಲಲ್ಲ. ನನ್ನ ಅಜ್ಜಿ, ಅಂದರೆ ಮಾವನ ತಾಯಿ, ಇರುವತನಕ ಸೀರೆಯ ಮೇಲೆ ಸೀರೆ ಉಟ್ಟು ಬಾದಾಮಿಗೆ ಹೋಗುವಾಗ ದಪ್ಪಗಿರುತ್ತಿದ್ದಳು, ಬರುವಾಗ ತೆಳ್ಳಗಿರುತ್ತಿದ್ದಳು. ನಾಕಾದ ಕಾರಕೂನರು ಅವಳ ಆರೋಗ್ಯ ವಿಚಾರಿಸುತ್ತಿದ್ದರಂತೆ.

"ಹಣಮಂತಗ ಬರಿ," ಎಂದರು ಮಾವ. "ಗಾಡಿ ಪೆಟ್ಟಿಗ್ಯಾಗ ಹಾಕಬ್ಯಾಡ ಅನ್ನು. ಅಲ್ಲೆ ಒಂದು ತಿಂಗಳು ಓಡಸಿ ಹಳೇದು ಮಾಡು, ಹಡಗ ಇಳದ ಕೂಡ್ಲೆ ಅದರ ಮ್ಯಾಲ ಹತ್ತಿ ಕೂಡು. ಹತ್ತಿದ ಗಾಡಿ ಅಂದ್ರ ಉಟ್ಟ ಸೀರಿ ಇದ್ದಂಗ. ಯಾವ ಕಾರಕೂನ ಮೈಮ್ಯಾಲಿಂದು ಬಿಚ್ಚಸ್ತಾನ?"

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಶಾಂತಾ, "ಅಪ್ಪಾ, ಸೀರಿಗೆ ನಂಬರ್ ಪ್ಲೇಟ್ ಇರೂದಿಲ್ಲ" ಎಂದಳು.

"ನೀ ಚಹಾ ಕೊಡು."

ಅವಳು ನನ್ನ ಮುಖ ನೋಡಿದಳು. ಅವಳು ಹೇಳಿದ್ದೇ ಸರಿ ಎಂದು ನನಗೆ ಗೊತ್ತಿತ್ತು. ಆದರೆ ಹೆಣ್ಣು ಕೊಡುವವರು ಮಾವ. ನಾನು ಅಲ್ಲೇ ಕುಳಿತು ಹಣಮಂತನಿಗೆ ಒಳ್ಳೆಯ ಅಕ್ಷರದಲ್ಲಿ ಬರೆದೆ.

ಹಣಮಂತ ಭಾವನ ಮಾತು ಮೀರುವವನಲ್ಲ. ಗಾಡಿ ಕೊಂಡು, ಮರಳಿನಲ್ಲಿ ಓಡಿಸಿ ಹಳೆಯದು ಮಾಡಿ, ಹಡಗಿನಲ್ಲಿ ತಂದು, ಮುಂಬಯಿ ಬಂದರಿನ ಧಕ್ಕೆಯ ಮೇಲೆ ಅದನ್ನೇರಿ ಕುಳಿತ. ಅಧಿಕಾರಿ ಇಳಿಯಲು ಹೇಳಿದರು. ಇವನು ಇಳಿಯದೆ, ಉಟ್ಟದ್ದಕ್ಕೆ ಜಕಾತಿ ಇಲ್ಲವೆಂಬುದನ್ನು ತನಗೆ ಬರುವ ಹಿಂದಿಯಲ್ಲಿ ತಿಳಿಸಿದ. ಅಧಿಕಾರಿ ಅದನ್ನು ಇನ್ನೊಮ್ಮೆ ಹೇಳಿಸಿದರು. ಆಮೇಲೆ ಪಕ್ಕದ ಕೋಣೆಯ ಇಬ್ಬರನ್ನು ಕರೆದು ಅವರ ಮುಂದೆಯೂ ಹೇಳಿಸಿದರು. ಎಲ್ಲರೂ ಮರ್ಯಾದೆಯಿಂದ ಕೇಳಿ, ಹಳೆಯ ಗಾಡಿಗೂ ಸುಂಕವಿದೆ, ಅದಕ್ಕೆ ಲೈಸೆನ್ಸೂ ಬೇಕು ಎಂದರು. ಗಾಡಿ ಬಂದ ದಾರಿಯಲ್ಲೇ ಮಸ್ಕತ್ತಿಗೆ ಮರಳಿತು. ಹಣಮಂತ ಬಸ್ಸು ಹಿಡಿದು ಇಳಕಲ್ಲಿಗೆ ಬಂದ. ಅವನ ತಲೆಯ ಮೇಲೆ ಆ ಗಾಡಿಯೊಂದಿಗೆ ಕೊಟ್ಟಿದ್ದ ಕೆಂಪು ಹೆಲ್ಮೆಟ್ ಹಾಗೇ ಇತ್ತು.

ಮಾವ ಅವನ ಸುತ್ತ ಎರಡು ಸಲ ತಿರುಗಿ ನೋಡಿದರು. ಕೊನೆಗೆ, "ಇದಕ್ಕ ಜಕಾತಿ ಕೊಟ್ಟೀಯೇನು?" ಎಂದು ಹೆಲ್ಮೆಟ್ ತೋರಿಸಿದರು.

"ಇಲ್ರಿ ಭಾವ. ತಲಿ ಮ್ಯಾಲ ಇತ್ತು, ಯಾರೂ ಕೇಳಲಿಲ್ಲ."

"ಮತ್ತ ನಾ ಹೇಳಿದ್ದು ಸುಳ್ಳೇನು?" ಎಂದು ಮಾವ ನನ್ನತ್ತ ತಿರುಗಿದರು. ಅವರ ಸಿದ್ಧಾಂತ ಗೆದ್ದಿತ್ತು, ಗಾಡಿ ಮಾತ್ರ ಬಂದಿರಲಿಲ್ಲ. ಗಾಡಿ ಬಾರದೆ ಅವರು ನಿಶ್ಚಯಕ್ಕೆ ಬರುವಂತಿರಲಿಲ್ಲ. ಈ ವರ್ಷ ಮುಹೂರ್ತ ಮೀರಿದರೆ ಬೇರೆ ಕಡೆ ಹೆಣ್ಣು ನೋಡುವೆನೆಂದು ಅವ್ವ ಹೇಳಿಕಳಿಸಿದಳು. ನನ್ನ ಪರವಾಗಿ ನಾನು ಏನು ಮಾಡಿದೆನೆಂದರೆ, ಡೈರಿ ಬರೆದೆ.

ದಾರಿ ತೆಗೆದವಳು ಶಾಂತಾ. "ಅಪ್ಪಾ, ನೀ ಗಾಡಿ ಮ್ಯಾಲ ಬರ್ತೇನಿ ಅಂದಿದ್ದಿ. ಗಾಡೀ ಹೆಲ್ಮೆಟ್ ನಿನ್ನ ಮ್ಯಾಲ ಬಂದ್ರ ದೇವರು ಬ್ಯಾಡ ಅಂತಾನೇನು?" ಮಾವ ಇದನ್ನು ಒಂದು ರಾತ್ರಿ ಯೋಚಿಸಿ ಒಪ್ಪಿದರು.

ಹೋದ ತಿಂಗಳು ಮಾವ ಹುನಗುಂದದ ಮೇಲೆ ಬರುವ ಬಸ್ಸಿನಲ್ಲಿ, ಧೋತರ, ಕೋಟು, ಕೆಂಪು ಹೆಲ್ಮೆಟ್ ಧರಿಸಿ ಬಾಗಲಕೋಟೆಗೆ ಬಂದರು. ದಾರಿಯಲ್ಲಿ ಕಂಡಕ್ಟರ್, "ಯಾಕ್ರಿ ಯಜಮಾನ್ರ, ನಮ್ಮ ಡ್ರೈವರ್ ಮ್ಯಾಲ ನಂಬಿಕಿ ಇಲ್ಲೇನು?" ಎಂದನಂತೆ. ತಾಂಬೂಲ ಬದಲಾಗುವವರೆಗೆ ಅವರು ಅದನ್ನು ತೆಗೆಯಲಿಲ್ಲ. ಹಣೆಗೆ ಕುಂಕುಮ ಹಚ್ಚಲು ಬಂದ ಹಿರಿಯರು ಸ್ವಲ್ಪ ಹುಡುಕಾಡಿ ಮೂಗಿನ ಮೇಲೆ ಹಚ್ಚಿದರು. ನಿಶ್ಚಯ ಮುಗಿಯಿತು. ದೀಪಾವಳಿಯಾದ ಮೇಲೆ ಮದುವೆ.

ಈಗ ತೊಂದರೆ ಬೇರೆ ಇದೆ. ಹಣಮಂತನ ಗೆಳೆಯನೊಬ್ಬ ಸಿಂಗಪುರದಲ್ಲಿದ್ದಾನಂತೆ. ಅದೇ ಗಾಡಿ ಅಲ್ಲಿ ಮಸ್ಕತ್ತಿಗಿಂತ ಬಹಳ ತುಟ್ಟಿಯಂತೆ. "ಸಿಂಗಪುರದಾಗೂ ಗಾಡಿ ಕಾರ್ಖಾನಿ ಇಲ್ಲಂತಲ್ಲ, ಅಲ್ಲಿ ಯಾರಿಗೆ ರಕ್ಷಣಾ?" ಎಂದು ಶಾಂತಾ ತಾಂಬೂಲದ ಗದ್ದಲದಲ್ಲೇ ನನ್ನನ್ನು ಕೇಳಿದಳು. ಎರಡು ದಿನದಲ್ಲಿ ಹೇಳುತ್ತೇನೆಂದು ಮಾತು ಕೊಟ್ಟೆ. ವಾಣಿಜ್ಯದ ಮಾಸ್ತರರು ರಜೆಯ ಮೇಲೆ ಹೋದವರು ಇನ್ನೂ ಬಂದಿಲ್ಲ. ಆದ್ದರಿಂದ ಓದುಗರಲ್ಲಿ ಹಡಗಿನವರು, ಸುಂಕದವರು, ಸಿಂಗಪುರದಲ್ಲಿ ನೆಂಟರಿರುವವರು ಯಾರಾದರೂ ಇದ್ದರೆ ಈ ಪತ್ರಿಕೆಗೆ ಬರೆದು ತಿಳಿಸಬೇಕು. ದೀಪಾವಳಿಯ ಒಳಗೆ ತಿಳಿಸಿದರೆ ಉಪಕಾರ. ನನಗೆ ಗೊತ್ತಿಲ್ಲವೆಂಬುದು ಅವಳಿಗೆ ಮದುವೆಯಾದ ಮೇಲೆ ಹೇಗೂ ಗೊತ್ತಾಗುತ್ತದೆ.