ದಣಿವು ಪರಿಹಾರ ಅರ್ಜಿ, ಕನ್ನಡ ಪ್ರತಿ

ಕೇರಳದ ಕೇಣಿಚಿರದ ಗಡಿ ಅರ್ಜಿ ಕಚೇರಿಯಲ್ಲಿ ಇನ್ನು ಮುಂದೆ ಯಾರೂ ದಣಿಯತಕ್ಕದ್ದಲ್ಲ ಎಂದು ಮೇಲಿನಿಂದ ಆದೇಶ ಬಂತು. ಈಗಾಗಲೇ ದಣಿದವರು ಮಾತೃಭಾಷೆಯಲ್ಲಿ ಅರ್ಜಿ ಕೊಟ್ಟರೆ ಮೂರು ದಿನ ಸಂಬಳಸಹಿತ ವಿಶ್ರಾಂತಿ.

ಓದಿದ ಜಾನಕಿಗೆ ಕಣ್ಣು ತುಂಬಿ ಬಂತು. ಜನ ತಂದ ಕನ್ನಡ ಅರ್ಜಿಗಳನ್ನು ಮಲಯಾಳಕ್ಕೂ, ಕಚೇರಿಯ ಮಲಯಾಳ ಉತ್ತರಗಳನ್ನು ಕನ್ನಡಕ್ಕೂ ಹತ್ತೊಂಬತ್ತು ವರ್ಷದಿಂದ ತಿರುಗಿಸುತ್ತಿದ್ದವಳು ಅವಳೊಬ್ಬಳೇ. ಮೊನ್ನೆ ಗಂಡ ಶಿವಮಲ್ಲಪ್ಪ ಇನ್ನೊಂದು ಸೌಟು ಸಾರು ಕೇಳಿದಾಗ, "ಎರಡು ಪ್ರತಿ ಕೊಟ್ಟು ಸೋಮವಾರ ಬನ್ನಿ" ಅಂದುಬಿಟ್ಟಿದ್ದಳು. ಪಾಪ, ಅವನು ಸೋಮವಾರದವರೆಗೆ ಬರೀ ಅನ್ನ ಉಂಡ.

ಅವಳು ಬರೆದದ್ದು ಇಷ್ಟೇ: "ಸಾಕಾಗಿದೆ ಸ್ವಾಮಿ. ಮೂರು ದಿನ ಮಲಗಬೇಕು."

ಸೂಪರಿಂಟೆಂಡೆಂಟ್ ಸಜೀವನ್ ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಮ್ಮೆ ತಲೆಕೆಳಗು ಮಾಡಿಯೂ ನೋಡಿದರು.

"ಚೇಚೀ, ಇದು ಕನ್ನಡವಲ್ಲವೇ?"

"ಮಾತೃಭಾಷೆ ಅಂತ ನಿಮ್ಮ ಆದೇಶದಲ್ಲೇ ಇದೆಯಲ್ಲ, ಸಾರ್."

"ತಪ್ಪೇನಿಲ್ಲ. ತರ್ಜುಮೆ ವಿಭಾಗಕ್ಕೆ ಹೋಗಿ ಬರಲಿ."

ತರ್ಜುಮೆ ವಿಭಾಗವೆಂದರೆ ನಾಲ್ಕು ಹೆಜ್ಜೆ ಆಚೆ, ಕಿಟಕಿ ಪಕ್ಕದ ಜಾನಕಿಯ ಮೇಜು. ಸರದಿಯಲ್ಲಿ ಅವಳ ಅರ್ಜಿಗಿಂತ ಮುಂದೆ ನಲವತ್ತೊಂದು ಇದ್ದವು. ಭಾನುವಾರವೂ ಕೂತು ಅವನ್ನೆಲ್ಲ ಮುಗಿಸಿ ತನ್ನದಕ್ಕೆ ಕೈಹಾಕಿದಳು. ಚೊಕ್ಕ ಮಲಯಾಳ, ಒಂದು ಚಿತ್ತಿಲ್ಲ.

ಸಜೀವನ್ ಬೆರಗಾದರು. "ವಾರದಲ್ಲಿ ನಲವತ್ತೆರಡು! ಎಂಥ ಬರಹ! ದಣಿದವರ ಕೈಯಾ ಚೇಚೀ ಇದು?"

"ರಜೆ, ಸಾರ್?"

"ಅದು ದಣಿದವರಿಗೆ."

ಪಕ್ಕದ ಮೇಜಿನ ಪ್ರಜಿತ್‌ಗೆ ಆಗಲೇ ಮಂಜೂರಾಗಿತ್ತು. ಅವನು ಕೊಟ್ಟದ್ದು ಖಾಲಿ ಹಾಳೆ, ಪುರಾವೆ ಬಲವಾಗಿತ್ತು.

ತಿರಸ್ಕಾರ ಪತ್ರ ಮಲಯಾಳದಲ್ಲಿ ಸಿದ್ಧವಾಯಿತು. ಕನ್ನಡ ಅರ್ಜಿಗೆ ಕನ್ನಡದಲ್ಲೇ ಉತ್ತರ ಹೋಗತಕ್ಕದ್ದಾದ್ದರಿಂದ ಜಾನಕಿ ಅದನ್ನು ತರ್ಜುಮೆ ಮಾಡಿ ಲಕೋಟೆಗೆ ಹಾಕಿದಳು. ಅರ್ಜಿದಾರರು ಕಿಟಕಿಯ ಹೊರಗೆ ನಿಂತೇ ಉತ್ತರ ಪಡೆಯತಕ್ಕದ್ದು ಎಂಬುದು ಇನ್ನೊಂದು ನಿಯಮ. ಹಾಗಾಗಿ ತನ್ನ ಹೆಸರನ್ನು ತಾನೇ ಕೂಗಿ, ಎದ್ದು, ಕಚೇರಿ ಸುತ್ತಿ ಹೋಗಿ ಸಾಲಿನ ತುದಿಯಲ್ಲಿ ನಿಂತಳು.

ಮುಂದಿದ್ದವಳು ಮುಳ್ಳನ್‌ಕೊಲ್ಲಿಯ ಮಲ್ಲಿಗಮ್ಮ. "ಒಳಗೆ ಯಾರೂ ಕಾಣಲ್ವಲ್ಲ ತಾಯಿ?"

"ಬರ್ತಾಳೆ, ತಾಳಿ ಅಜ್ಜಿ."

"ಪಾಪ, ಅವಳಿಗೂ ಸುಸ್ತಾಗಿರುತ್ತೆ."

"ಇಲ್ಲ ಅಜ್ಜಿ, ಅವಳಿಗೆ ದಣಿವಿಲ್ಲ. ಆದೇಶವಾಗಿದೆ," ಎಂದ ಜಾನಕಿ ಗೋಡೆಗೊರಗಿ ಕಣ್ಣು ಮುಚ್ಚಿದಳು.

ಆದೇಶವೇ ಆಗಿರುವಾಗ ಯಾರೇನು ಹೇಳಿಯಾರು? ಸಾಲು ಸಮಾಧಾನವಾಗಿ ಕಾಯಿತು.